ಬಿಡುಗಾಲಿ

ಆ ಪುಸ್ತಕದಲ್ಲಿ ನನ್ನ ಮೂಗನ್ನು ಗುಂಡು ಬದನೆಕಾಯಿಯಷ್ಟು ದಪ್ಪಕ್ಕೆ ಬರೆದಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ. ಊರಿನವರೆಲ್ಲ ಬೇರೆ ಏನೇನೋ ಕಾರಣಕ್ಕೆ ಆ ಪುಸ್ತಕದ ಮೇಲೆ ಹಾರಾಡಿದರು, ಕೂಗಾಡಿದರು, ಆದರೆ ನನ್ನ ಮೂಗಿನ ವಿಚಾರ ಮಾತ್ರ ಒಬ್ಬರೂ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅಂತ ನನಗೆ ಗೊತ್ತು. ಎಲ್ಲರ ಕಣ್ಣಿಗೂ ಅದು ಸರಿಯಾಗಿಯೇ ಕಂಡಿತ್ತು.

ನಾನು ಹಗ್ಗದಂಗಡಿ ಮರುಳಮ್ಮ. ಪುಸ್ತಕ ಬರೆದವಳು ಸಂಪಿ, ನನ್ನ ತಮ್ಮನ ಮಗಳು. ಇಟ್ಟ ಹೆಸರು ಸಂಪಿಗೆ, ಕರೆಯುವುದು ಸಂಪಿ. ಅವಳಿಗೆ ಕಾಲುಗಳಿವೆ, ಆದರೆ ಹುಟ್ಟಿದಂದಿನಿಂದ ಅವು ಅವಳ ಮಾತು ಕೇಳಿದ್ದಿಲ್ಲ. ನನ್ನ ತಮ್ಮ, ಅವನ ಹೆಂಡತಿ ಇಬ್ಬರೂ ಒಂದೇ ಜ್ವರದಲ್ಲಿ ಹೋದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ನಾನು ಮದುವೆ ಗಿದುವೆ ಅಂತ ಹೋದವಳಲ್ಲ. ಮಗು ತಾನಾಗಿ ಮನೆಗೆ ಬಂತು, ಇಟ್ಟುಕೊಂಡೆ. ಈಗ ಅವಳಿಗೆ ಹತ್ತೊಂಬತ್ತು. ಗಾಲಿಕುರ್ಚಿಯಲ್ಲಿ ಕೂತು ಊರೆಲ್ಲ ಸುತ್ತುತ್ತಾಳೆ, ನಾಲಿಗೆ ನನ್ನದಕ್ಕಿಂತ ಒಂದು ಗೇಣು ಉದ್ದ.

ನಮ್ಮೂರು ದಿನಾ ಸಂಜೆ ಪಡುವಣಕ್ಕೆ ವಾಲುತ್ತದೆ. ಶಾಲೆ ಬಿಟ್ಟ ಮಕ್ಕಳು ಮನೆ ಸೇರಿ ಬಾಯಿಗೆ ಒಂದಿಷ್ಟು ಮಂಡಕ್ಕಿ ಹಾಕಿಕೊಳ್ಳುವ ಹೊತ್ತಿಗೆ ಮೇಲಿನ ಕಟ್ಟೆಯಲ್ಲಿ ಜಾಗಟೆ ಬಾರಿಸುತ್ತಾರೆ. ಆಗ ಎಲ್ಲರೂ ಕೈಗೆ ಹಗ್ಗ ತೆಗೆದುಕೊಂಡು, ಉರುಳುವಂಥದ್ದನ್ನೆಲ್ಲ ಗೋಡೆಯ ಕೊಂಡಿಗಳಿಗೆ ಕಟ್ಟುತ್ತೇವೆ. ಕೊಡ, ತೊಟ್ಟಿಲು, ಸೈಕಲ್ಲು, ಮೇಕೆಮರಿ, ತರಕಾರಿ ಗಾಡಿ. ಹೊಸ್ತಿಲ ಮೇಲೆ ಇಟ್ಟ ನಿಂಬೆಹಣ್ಣು ಹೊರಳಿತೋ, ವಾಲು ಶುರುವಾಯಿತು ಅಂತ ಲೆಕ್ಕ. ಅನ್ನ ಬೇಯುವಷ್ಟು ಹೊತ್ತು ಹಾಗೇ ಇದ್ದು, ದೀಪ ಹಚ್ಚುವುದಕ್ಕೆ ಮುಂಚೆ ಊರು ನೆಟ್ಟಗಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಯಾರೂ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದಿಲ್ಲ. ಹಸುಗಳು ತಾವಾಗಿಯೇ ಮಲಗಿಬಿಡುತ್ತವೆ. ಕಟ್ಟಲು ಮರೆತದ್ದೆಲ್ಲ ದೊಡ್ಡಬೀದಿಯಲ್ಲಿ ಉರುಳಿಕೊಂಡು ಹೋಗಿ ಕೆರೆ ಏರಿಯ ಬುಡದಲ್ಲಿರುವ ನಮ್ಮಂಗಡಿಯ ನಾರಿನ ರಾಶಿಯಲ್ಲಿ ಹೂತುಕೊಳ್ಳುತ್ತದೆ. ವಾಲು ಇಳಿದ ಮೇಲೆ ಜನ ಬುಟ್ಟಿ ಹಿಡಿದು ಹೋಗಿ ತಂತಮ್ಮ ಈರುಳ್ಳಿ, ಚೆಂಡು, ತಪ್ಪಲೆ ಹುಡುಕಿ ತರುತ್ತಾರೆ. ಎಷ್ಟೋ ಮದುವೆಗಳು ಆ ರಾಶಿಯ ಪಕ್ಕದಲ್ಲೇ ಕುದುರಿವೆ.

ಮಕ್ಕಳನ್ನೂ ಕಟ್ಟುತ್ತೇವೆ, ಹತ್ತು ವರ್ಷ ತುಂಬುವವರೆಗೆ. ಹತ್ತು ತುಂಬಿದ ಮೇಲೆ ಬಿಚ್ಚುವ ಶಾಸ್ತ್ರ. ಹೊಸ ಬಟ್ಟೆ ತೊಡಿಸಿ, ಮೇಲಿನ ಕಟ್ಟೆಯ ದೊಡ್ಡ ಕೊಂಡಿಗೆ ಒಂದೇ ಒಂದು ಸಡಿಲ ಗಂಟು ಹಾಕಿ ಮಗುವನ್ನು ನಿಲ್ಲಿಸುತ್ತಾರೆ. ಜಾಗಟೆ ಹೊಡೆದಾಗ ಊರೆಲ್ಲ ಕಟ್ಟುತ್ತಿದ್ದರೆ ಆ ಮನೆಯ ಹಿರಿಯರು ಮಾತ್ರ ಬಿಚ್ಚಬೇಕು. ಬೇರೆಯವರು ಹಗ್ಗ ಮುಟ್ಟುವ ಹಾಗಿಲ್ಲ. ಮಗು ವಾಲುವ ಬೀದಿಯಲ್ಲಿ ತನ್ನ ಕಾಲ ಮೇಲೆ ತಾನು ನಡೆದುಕೊಂಡು ಹೋಗಿ ಕೆರೆ ಏರಿ ಮುಟ್ಟಬೇಕು. ಅಲ್ಲಿ ಬೆಲ್ಲ ಕೊಬ್ಬರಿ ಬಾಯಿಗಿಡುತ್ತಾರೆ. ಅಲ್ಲಿಗೆ ಅದು ದೊಡ್ಡದಾಯಿತು. ನಾನೂ ನಡೆದಿದ್ದೇನೆ, ಹೆದರಿ ಲಂಗದಲ್ಲೇ ಉಚ್ಚೆ ಹುಯ್ದುಕೊಂಡಿದ್ದೇನೆ.

ಸಂಪಿಗೆ ಆ ಶಾಸ್ತ್ರ ಆಗಲಿಲ್ಲ. ನಡೆಯಬೇಕು ಅಂತ ಇದೆಯಲ್ಲ. ಹಾಗಾಗಿ ಅವಳನ್ನು ದಿನಾ ಕಟ್ಟುತ್ತಲೇ ಬಂದೆ. ಜಾಗಟೆ ಆಗುತ್ತಿದ್ದಂತೆ ಕುರ್ಚಿಯ ಹಿಂದಿನ ಕಂಬಿಗೆ ಹಗ್ಗ ತೂರಿಸಿ, ಹಿತ್ತಿಲ ಕೊಂಡಿಗೆ ಸುತ್ತಿ, ಒಂದು ಗಂಟು, ಅದರ ಮೇಲೊಂದು ಮೇಲ್ಗಂಟು ಹಾಕಿ ಜಗ್ಗಿ ನೋಡುವುದು. ಆಮೇಲೆ ಅಂಗಡಿಗೆ ಓಡಿ ಸರಕು ಕಟ್ಟುವುದು. ಕೈಗೆ ಇದು ಎಷ್ಟು ಅಭ್ಯಾಸ ಅಂದರೆ ನಡುವೆ ಯಾರೊಂದಿಗಾದರೂ ಜಗಳ ಆಡುತ್ತಿದ್ದರೂ ಕೈ ತನ್ನ ಪಾಡಿಗೆ ಕಟ್ಟಿ ಮುಗಿಸಿರುತ್ತಿತ್ತು.

ಇನ್ನು ಬಿಡುಗಾಲಿಗಳ ವಿಚಾರ. ಅದು ನಮ್ಮೂರ ಹುಡುಗ ಹುಡುಗಿಯರ ಒಂದು ಗುಂಪು. ಹಲಗೆಗೆ ಬೇರಿಂಗ್ ಗಾಲಿ ಹೊಡೆದುಕೊಂಡು, ವಾಲು ಬಂದಾಗ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರೆ ಇವರು ಓಣಿ ಓಣಿಯಲ್ಲಿ ಜುಯ್ಯನೆ ಜಾರುತ್ತಾರೆ. ಅರ್ಧ ತಲೆ ಬೋಳಿಸಿ, ಉಳಿದರ್ಧಕ್ಕೆ ಗೋರಂಟಿ ಮೆತ್ತಿಕೊಂಡು, ಕೊರಳಿಗೆ ಕತ್ತರಿಸಿದ ಹಗ್ಗದ ತುಂಡು ಕಟ್ಟಿಕೊಂಡು! ಕತ್ತರಿಸಿದ ಹಗ್ಗ ಅಂದರೆ ನಮ್ಮಲ್ಲಿ ಸಾವು. ಹೆಣ ಎತ್ತಿದ ಮೇಲೆ ಸತ್ತವರ ಮಂಚದ ಹಗ್ಗ ಕತ್ತರಿಸುತ್ತೇವೆ, ಅಷ್ಟೇ. ಉಳಿದಂತೆ ಬಿಚ್ಚುವುದೇ ಹೊರತು ಯಾರೂ ಹಗ್ಗಕ್ಕೆ ಕತ್ತರಿ ಇಡುವುದಿಲ್ಲ. ನನ್ನ ಅಂಗಡಿಯಲ್ಲೂ ಕೇಳಿದಷ್ಟು ಉದ್ದಕ್ಕೇ ಹೊಸೆದು ಕೊಡುತ್ತೇನೆ, ಹೆಚ್ಚಾದರೆ ಕೆಂಡ ತಗಲಿಸಿ ಬೇರೆ ಮಾಡುತ್ತೇನೆ. ಈ ಹುಡುಗರು ಅದನ್ನೇ ಕೊರಳಿಗೆ ಹಾಕಿಕೊಂಡರೆ ಹೆತ್ತವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಗುಂಪಿನ ಯಜಮಾನಿ ಜಬೀನಾ, ಸೈಕಲ್ ಶಾಪಿನ ಹುಡುಗಿ. ನಾನು ಅಂಗಡಿಯಲ್ಲಿ ಸರಕು ಕಟ್ಟುವಾಗ ಅವಳು ಹಿತ್ತಿಲಿಗೆ ನುಗ್ಗಿ, ಸಂಪಿಯನ್ನು ಬಿಚ್ಚಿ, ಹಿಂದಿನ ಓಣಿಗೆ ಕರೆದುಕೊಂಡು ಹೋಗುತ್ತಿದ್ದಳು. ನನಗೆ ಗೊತ್ತಿಲ್ಲ ಅಂತ ಇಬ್ಬರೂ ಅಂದುಕೊಂಡಿದ್ದರು. ಗಾಲಿಯಲ್ಲಿ ಸಿಕ್ಕಿದ ಓಣಿಯ ಕೆಂಪು ಮಣ್ಣನ್ನು ಒರೆಸುತ್ತಿದ್ದವಳು ಯಾರು? ಮೊಣಕೈ ತರಚಿದ್ದಕ್ಕೆ ಅರಿಶಿನ ಎಣ್ಣೆ ಕಾಯಿಸಿ, ಏನೂ ಕೇಳದೆ ಅವಳ ಹಾಸಿಗೆ ಪಕ್ಕ ಇಡುತ್ತಿದ್ದವಳು ಯಾರು? ಸಂಜೆ ಹೊತ್ತು ಅವಳು ಕೆನ್ನೆ ಕೆಂಪಗೆ ಮಾಡಿಕೊಂಡು, ಗಂಟಲವರೆಗೆ ನಗು ತುಂಬಿಕೊಂಡು ಕೂತಿರುತ್ತಿದ್ದಳು. ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಮಾರನೇ ದಿನ ಜಾಗಟೆ ಆದಾಗ ಮತ್ತೆ ಕಟ್ಟುತ್ತಿದ್ದೆ.

ಪುಸ್ತಕವನ್ನು ಮದುವೆ ಪತ್ರಿಕೆ ಮಾಡುವ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದಳು. ಪತ್ರಿಕೆ ಮಾಡಿ ಉಳಿದ ರಟ್ಟಿನ ಹೊದಿಕೆ, ಅಂಚಿಗೆ ಬಂಗಾರದ ಬಳ್ಳಿ, ಮೂಸಿದರೆ ಅರಿಶಿನದ ವಾಸನೆ. ಹೆಸರು ನೋಡಿದರೆ 'ಸಂಜೆ ನನ್ನನ್ನು ಕಟ್ಟುತ್ತಾರೆ'. ಒಳಗೆ ಚೌಕ ಚೌಕದಲ್ಲಿ ಚಿತ್ರ, ಮಾತು ಕಡಿಮೆ. ಚಿತ್ರಕಾದಂಬರಿ ಅನ್ನುತ್ತಾರಂತೆ. ಮೊದಲ ಪುಟದಲ್ಲೇ ನನ್ನ ಮೂಗು, ಅದರ ಕೆಳಗೆ ಹಗ್ಗ ಹಿಡಿದ ಎರಡು ಕೈ. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೂ ಓದಿದೆ. ಒಂದು ಪುಟದ ತುಂಬ ಬರೀ ಸೊಂಟಗಳು, ಯಾರಿಗೂ ತಲೆಯಿಲ್ಲ. ಕುರ್ಚಿಯಲ್ಲಿ ಕೂತವಳಿಗೆ ಸಂತೆ ಕಾಣುವುದೇ ಹಾಗೆ. ಇನ್ನೊಂದರಲ್ಲಿ ಮದುವೆ ಮನೆ. ಯಾರೋ ಹೆಂಗಸು ಇವಳ ಮಡಿಲಿಗೆ ಬಾಳೆಹಣ್ಣು ಇಟ್ಟು ಕೈಮುಗಿಯುತ್ತಾಳೆ, ಇನ್ನೊಬ್ಬಳು ನನ್ನನ್ನು ಕೇಳುತ್ತಾಳೆ, 'ಇವಳಿಗೆ ಖಾರ ಆಗುತ್ತಾ?' ಮುಂದೆ ಬಿಡುಗಾಲಿಗಳ ಜೊತೆ ಇವಳು ಬೀಡಿ ಎಳೆದದ್ದು, ಬಾಯಿಗೆ ಬಂದಂತೆ ಬೈದದ್ದು, ಯಾವನೋ ಒಬ್ಬನಿಗೆ ಮುತ್ತು ಕೊಟ್ಟದ್ದು. ಆಮೇಲೆ ಅದೇ ಗುಂಪು ಇವಳನ್ನು ಪಂದ್ಯಕ್ಕೆ ಇಟ್ಟು, ಕುರ್ಚಿ ತಳ್ಳಿ, ಬಿದ್ದಾಗ ನಕ್ಕದ್ದು. ಒಂದು ಪುಟ ಮಾತ್ರ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಇವಳು ಬೀದಿಯಲ್ಲಿ ಬಿದ್ದಿದ್ದಾಳೆ. ಸುತ್ತ ಕೈಗಳು, ಎಲ್ಲ ಕಡೆಯಿಂದ ಬರುವ ಕೈಗಳು, ಕಂಕುಳಿಗೆ, ಸೊಂಟಕ್ಕೆ, ಕೂದಲಿಗೆ. ಆ ಕೈಗಳಡಿ ಇವಳ ಮುಖವೇ ಕಾಣುವುದಿಲ್ಲ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ, 'ಒಂದು ನಿಮಿಷ ಬಿಡಿ, ನಾನೇ ಏಳ್ತೀನಿ.' ಕೊನೆಯ ಪುಟದಲ್ಲಿ ದೊಡ್ಡ ಕೊಂಡಿಯ ಮುಂದೆ ಹತ್ತು ವರ್ಷದ ಮಕ್ಕಳ ಸಾಲು. ಸಾಲಿನ ತುದಿಯಲ್ಲಿ ಗಾಲಿಕುರ್ಚಿ.

"ಏನೇ ಇದು?" ಅಂದೆ ಅವಳಿಗೆ. "ಅನ್ನ ಹಾಕಿ ಸಾಕಿದ್ದಕ್ಕೆ ನನ್ನ ಮೂಗು ಹಿಂಗಾ?"

"ಮೂಗಿಂದು ಬಿಡು ಅತ್ತೆ. ಮಿಕ್ಕಿದ್ದು ಹೇಳು."

"ಮಿಕ್ಕಿದ್ದೇನು? ಕೇಳ್ದೇ ಕಟ್ತಾರೆ ಅಂತ ಬರ್ದಿದ್ದೀಯ. ಕಟ್ಟೋಕೂ ಕೇಳ್ತಾರೇನೆ? ಕೊಡಾನ ಕೇಳಿ ಕಟ್ತೀವಾ? ಮೇಕೇನ ಕೇಳ್ತೀವಾ?"

"ನಾನು ಕೊಡಾನಾ, ಮೇಕೇನಾ?" ಅಂದಳು ಸಂಪಿ.

ಒಳಗೆ ಹೋಗಿ ಬೇಕಂತಲೇ ಪಾತ್ರೆ ಸದ್ದು ಮಾಡುತ್ತ ತೊಳೆದೆ.

ಅಷ್ಟರಲ್ಲಿ ಊರು ಹೊತ್ತಿಕೊಂಡಿತ್ತು. ಯಾರನ್ನೂ ಬಿಟ್ಟಿರಲಿಲ್ಲವಲ್ಲ ನಮ್ಮ ಹುಡುಗಿ. ಮಕ್ಕಳ ಕೈಗೆ ಸಿಕ್ಕರೆ ಹಗ್ಗ ಬಿಚ್ಚಿಕೊಂಡು ಓಡುತ್ತಾರೆ ಅಂತ ಹೆತ್ತವರು. ಬೈಗುಳ, ಮುತ್ತು, ಬೀಡಿ ಅಂತ ಮರ್ಯಾದಸ್ಥರು. ನಮ್ಮನ್ನು ಕೆಟ್ಟವರ ಥರ ತೋರಿಸಿದ್ದಾಳೆ ಅಂತ ಬಿಡುಗಾಲಿಗಳಿಗೇ ಸಿಟ್ಟು. ನನಗೆ ಹೆಚ್ಚು ನಾಟಿದ್ದು ಹಾಲಪ್ಪ ಆಡಿದ ಮಾತು. ಅವನ ಮಗನಿಗೆ ಕಣ್ಣು ಕಾಣುವುದಿಲ್ಲ. ಅಂಗಡಿಗೆ ಬಂದು ನಿಂತುಕೊಂಡೇ ಹೇಳಿದ, "ಮರುಳಕ್ಕ, ಜನ ಅಯ್ಯೋ ಪಾಪ ಅಂತ ನನ್ನ ಮಗನ ಕೈ ಹಿಡಿದು ಬೀದಿ ದಾಟಿಸ್ತಾರೆ. ಇಂಥ ಮಕ್ಕಳೂ ಬೈತಾರೆ, ಬೀಡಿ ಸೇದ್ತಾರೆ ಅಂತ ನಿಮ್ಮ ಹುಡುಗಿ ಬರೆದ್ರೆ, ನಾಳೆ ಯಾರು ಕೈ ಹಿಡೀತಾರೆ ಹೇಳು?" ಒಂದು ಮಾರು ಹಗ್ಗ ಕೊಟ್ಟು ಕಳಿಸಿದೆ.

ಒಂದು ಬೆಳಿಗ್ಗೆ ಮೇಲಿನ ಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕೊಂಡಿ ಯಜಮಾನರು ಶಾಂತವೀರಯ್ಯ. ಊರಿನ ಪ್ರತಿ ಕೊಂಡಿಯನ್ನೂ ಜಗ್ಗಿ ನೋಡುವುದು ಅವರ ಕೆಲಸ. ಕೂಗಿ ಮಾತಾಡಿದವರಲ್ಲ, ಆದರೆ ಹಿಡಿದ ಪಟ್ಟು ಬಿಟ್ಟವರೂ ಅಲ್ಲ. "ಸಂಪಿಗೆ, ಇದರಲ್ಲಿರೋದೆಲ್ಲ ಸುಳ್ಳು ಅಂತ ಒಂದ್ಮಾತು ಹೇಳಮ್ಮ. ಪುಸ್ತಕ ಎಲ್ಲ ವಾಪಸ್ ತಗೋ. ಇಲ್ಲೇ ಮುಗಿಸೋಣ," ಅಂದರು.

"ಸುಳ್ಳು ಎಲ್ಲಿದೆ ಅಂತ ತೋರಿಸಿ ಯಜಮಾನ್ರೇ, ತಿದ್ತೀನಿ," ಅಂದಳು ಇವಳು.

ಯಾರೂ ಪುಟ ತಿರುಗಿಸಲಿಲ್ಲ. ಶಾಂತವೀರಯ್ಯ ನೆಲ ನೋಡಿಕೊಂಡು, "ಹಂಗಾದ್ರೆ ಹಗ್ಗ ಸಾಲದು. ಕುರ್ಚಿಗೆ ಸರಪಳಿ ಹಾಕಿ ಬೀಗ ಹಾಕ್ತೀವಿ. ಬೀಗದ ಕೈ ನನ್ನ ಹತ್ರ ಇರತ್ತೆ. ಪುಸ್ತಕ ಎಲ್ಲ ಅಟ್ಟಕ್ಕೆ," ಅಂದರು.

ಸರಪಳಿ ಅಂದಾಗ ನಾನು ಎದ್ದು ನಿಂತುಬಿಟ್ಟೆ. ಸಂಪಿಯ ಮುಖ ಮಾತ್ರ ಬದಲಾಗಲಿಲ್ಲ. "ನನ್ನ ಬಿಚ್ಚೋ ಶಾಸ್ತ್ರ ಬಾಕಿ ಇದೆ," ಅಂದಳು. "ಒಂಬತ್ತು ವರ್ಷ ತಡ ಆಗಿದೆ. ಅದನ್ನ ಮಾಡಿ. ಏರಿ ಮುಟ್ಟದೆ ಹೋದ್ರೆ ಸರಪಳಿ ಹಾಕಿ, ಪುಸ್ತಕ ಅಟ್ಟಕ್ಕೆ ಹಾಕಿ. ಮುಟ್ಟಿದ್ರೆ ನನ್ನನ್ನೂ ಪುಸ್ತಕಾನೂ ಬಿಟ್ಬಿಡಿ."

"ನಡೆದು ಹೋಗ್ಬೇಕಲ್ಲಮ್ಮ."

"ನಾನು ಇಲ್ಲಿಗೆ ಹೆಂಗೆ ಬಂದೆ? ಹಾರ್ಕೊಂಡು ಬಂದ್ನಾ?" ಅಂತ ಗಾಲಿ ತಟ್ಟಿದಳು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶಾಂತವೀರಯ್ಯ ನಗಲಿಲ್ಲ. ಸೋಮವಾರ ಆಗಲಿ ಅಂದರು. ಜನ ಚೆದುರಿದ ಮೇಲೆ ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಮರುಳಮ್ಮ, ನಮ್ಮ ಚಿಕ್ಕ ತಮ್ಮ ವಾಲಿನಲ್ಲಿ ಸತ್ತದ್ದು ನಿನಗೆ ಗೊತ್ತಲ್ಲ. ಅಳ್ತಾನೆ ಅಂತ ನಾನೇ ಬಿಚ್ಚಿದ್ದೆ. ಆಗ ನಾರಿನ ರಾಶಿ ಇರಲಿಲ್ಲ. ಇವಳನ್ನ ಬಿಚ್ಚಬೇಕಾದವಳು ನೀನು. ನೀನು ಆಗಲ್ಲ ಅಂದ್ರೆ ಶಾಸ್ತ್ರಾನೇ ಇಲ್ಲ. ಯೋಚನೆ ಮಾಡು."

ಯೋಚನೆ ಮಾಡದೆ ಇರುತ್ತೇನೆಯೇ? ಹಿಂದಿನ ಓಣಿ ಅಂದರೆ ಚಿಕ್ಕದು, ಬಿದ್ದರೂ ಮೊಣಕೈ ತರಚೀತು. ದೊಡ್ಡಬೀದಿ ಹಾಗಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಒಂದು ತಿರುವಿದೆ, ಅಲ್ಲಿ ಕಲ್ಲಿನ ಗೋಡೆ. ಎತ್ತಿನ ಗಾಡಿಗಳೇ ಅಲ್ಲಿ ಮುರಿದು ಬಿದ್ದಿವೆ. ಆಗಲ್ಲ ಅಂತ ಒಂದು ಮಾತು ಹೇಳಿದರೆ ಮುಗಿಯಿತು, ಹುಡುಗಿ ಜೀವಂತ ಉಳಿಯುತ್ತಾಳೆ. ಸರಪಳಿಯಲ್ಲಿ ಉಳಿಯುತ್ತಾಳೆ. ನಾನು ಸತ್ತ ಮೇಲೂ ಬೀಗದ ಕೈ ಯಾರದೋ ಸೊಂಟದಲ್ಲಿ ನೇತಾಡುತ್ತಿರುತ್ತದೆ.

ಶನಿವಾರ ಜಬೀನಾ ಸ್ಪಾನರ್ ಹಿಡಿದು ಬಂದಳು. ಸಂಪಿಯ ಮುಖ ನೋಡದೆ ಕುರ್ಚಿಯನ್ನು ಬೋರಲು ಹಾಕಿಕೊಂಡು ಕೂತಳು.

"ನಿಂಗೆ ಸಿಟ್ಟು ಅಂದ್ರು?" ಅಂದೆ.

"ಸಿಟ್ಟೇ ಅಕ್ಕಾ. ನನ್ನನ್ನ ರಾಕ್ಷಸಿ ಥರ ಬರ್ದಿದ್ದಾಳೆ. ಅವತ್ತು ನಕ್ಕಿದ್ದು ನಿಜ, ಆಮೇಲೆ ಮನೇಗೆ ಹೋಗಿ ಅತ್ತಿದ್ದೂ ನಿಜ. ಅದನ್ನ ಬರ್ದಿಲ್ಲ." ಒಂದು ನಟ್ಟು ಬಿಗಿದಳು. "ಸಿಟ್ಟು ಬೇರೆ, ಬ್ರೇಕು ಬೇರೆ. ಲಾರಿ ಟಯರಿನ ರಬ್ಬರ್ ಹಾಕಿದೀನಿ. ನೋಡೇ ಸಂಪಿ, ಇದು ಸ್ಪೀಡು ತಗ್ಗಿಸತ್ತೆ ಅಷ್ಟೇ, ನಿಲ್ಲಿಸಲ್ಲ. ಗಿರಣಿ ಹತ್ರ ಎಡಗಡೇದು ಮಾತ್ರ ಹಿಡಿ."

"ನೀನು ಅತ್ತಿದ್ದು ನಂಗೇನು ಗೊತ್ತು?" ಅಂದಳು ಸಂಪಿ.

"ಈಗ ಗೊತ್ತಾಯ್ತಲ್ಲ, ಮುಂದಿನ ಸಲ ಬರಿ."

ಇಬ್ಬರೂ ಆಮೇಲೆ ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದರು. ಅವತ್ತು ಜಾಗಟೆ ಆದಾಗ ಕಟ್ಟಲು ಹೋದೆ. ಸಂಪಿ ಹಿಂದಕ್ಕೆ ಕತ್ತು ತಿರುಗಿಸಿ, "ಅತ್ತೆ, ಸೋಮವಾರ ಬಿಚ್ತೀಯ ತಾನೆ?" ಅಂತ ಕೇಳಿದಳು. ಆ ದನಿಯಲ್ಲಿ ಜಂಬ ಇರಲಿಲ್ಲ. ಹತ್ತು ವರ್ಷದ ಮಗು ಕೇಳಿದ ಹಾಗೇ ಇತ್ತು. ಬಿಚ್ಚುತ್ತೇನೆ ಕಣೇ ಅಂದೆ. ಅಂದೆನೇ ಹೊರತು ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಅವಳಿಗೆ ಹಳದಿ ಬಣ್ಣದ ಹೊಸ ಚೂಡಿದಾರ ತೊಡಿಸಿದೆ. ಬೀದಿಯ ಎರಡೂ ಕಡೆ ಜನ ಜಗಲಿಗಳ ಮೇಲೆ ಕಂಬ ಹಿಡಿದು ನಿಂತಿದ್ದರು. ಬೈದವರೂ ಬಂದಿದ್ದರು, ಹಾಲಪ್ಪನೂ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ಶಾಂತವೀರಯ್ಯ ಮೇಲಿನ ಕಟ್ಟೆಯಲ್ಲಿ ಇರಲಿಲ್ಲ. ಬೆಳಿಗ್ಗೆಯಿಂದ ಕೆಳಗೆ ಏರಿಯ ಬುಡದಲ್ಲಿದ್ದಾರೆ, ನಾರಿನ ರಾಶಿಯ ಮೇಲೆ ಹುಲ್ಲಿನ ಮೂಟೆ ಒಟ್ಟುತ್ತಿದ್ದಾರೆ, ಆಳುಗಳನ್ನೂ ಮುಟ್ಟಗೊಡುತ್ತಿಲ್ಲ ಅಂತ ಯಾರೋ ಹೇಳಿದರು. ನಾನು ದೊಡ್ಡ ಕೊಂಡಿಗೆ ಸಡಿಲವಾಗಿ ಒಂದು ಗಂಟು ಹಾಕಿ, ಹಗ್ಗದ ತುದಿ ಕೈಯಲ್ಲಿ ಹಿಡಿದುಕೊಂಡೆ. ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಸಂಪಿ ಎರಡೂ ಗಾಲಿಗಳ ಮೇಲೆ ಕೈ ಇಟ್ಟು ಮುಂದೆ ನೋಡುತ್ತಿದ್ದಳು. ಅವಳ ಕುತ್ತಿಗೆಯ ಹಿಂದೆ ಬೆವರು ಕೂತಿತ್ತು.

ಜಾಗಟೆ ಬಾರಿಸಿದರು.

ನನ್ನ ಕೈ ಕಟ್ಟಿಬಿಟ್ಟಿತು. ದೇವರಾಣೆ ನಾನು ಕಟ್ಟಲಿಲ್ಲ, ಕೈ ಕಟ್ಟಿತು. ಜಾಗಟೆ ಕೇಳಿದ್ದೇ ತಡ, ತುದಿಯನ್ನು ಸುತ್ತಿ, ಒಳಗೆ ತೂರಿಸಿ, ಮೇಲ್ಗಂಟು ಹಾಕಿ, ಜಗ್ಗಿಯೂ ನೋಡಿತು. ಜಗ್ಗಿದಾಗಲೇ ನನಗೆ ಎಚ್ಚರ ಆದದ್ದು. ಅಯ್ಯೋ ನನ್ನ ಕೈಗೆ ಹಾವು ಕಡಿಯ ಅಂದುಕೊಂಡು ಉಗುರು ಹಾಕಿ ಬಿಡಿಸಲು ಹೋದೆ. ಅಷ್ಟರಲ್ಲಿ ಕಟ್ಟೆಯ ಮೇಲಿನ ನಿಂಬೆಹಣ್ಣು ಹೊರಳಿತು. ಊರು ವಾಲಿತು, ಕುರ್ಚಿ ಮುಂದಕ್ಕೆ ಜಗ್ಗಿತು, ಹಗ್ಗ ಬಿಗಿದು ಸೆಟೆದು ನಿಂತಿತು. ಭಾರ ಬಿದ್ದ ಗಂಟು ಕಲ್ಲಾಗುತ್ತದೆ. ಅದನ್ನು ಬಿಡಿಸುವುದು ನನ್ನಿಂದಲೂ ಆಗದು, ನನ್ನಪ್ಪನಿಂದಲೂ ಆಗುತ್ತಿರಲಿಲ್ಲ.

"ಗಂಟು ಬಿಗಿದೋಯ್ತು," ಅಂತ ಜಗಲಿಯಿಂದ ಯಾರೋ ಅಂದರು. "ಶಾಸ್ತ್ರ ತಪ್ಪಿತು. ಹೋಗ್ಲಿ ಬಿಡಿ, ದೇವರೇ ಕಟ್ಟಿಸಿದ," ಅಂತ ಇನ್ನೊಬ್ಬರು ಉಸಿರು ಬಿಟ್ಟರು. ಅವರಿಗೆಲ್ಲ ನೆಮ್ಮದಿಯಾಗಿತ್ತು. ಸಂಪಿ ತಿರುಗಿ ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತಿರುಗಲೂ ಇಲ್ಲ. "ಪರವಾಗಿಲ್ಲ ಬಿಡು ಅತ್ತೆ," ಅಂದಳು, ತೀರಾ ಮೆತ್ತಗೆ. ಹತ್ತೊಂಬತ್ತು ವರ್ಷದಲ್ಲಿ ಆ ಹುಡುಗಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸೊಂಟದ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ ಇತ್ತು. ತೆಗೆದೆ. ಜನರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಂಗಸರು ಚೀರಿದರು, "ಮರುಳಕ್ಕಾ, ಬೇಡ! ಜೀವ ಇರೋ ಮಗು!" ಈ ಸಲ ಕೈ ನನ್ನ ಮಾತು ಕೇಳಿತು. ನಾನೇ ಹೊಸೆದ ಹಗ್ಗ. ಅಡಿಕೆ ಕತ್ತರಿಸುವ ಹಾಗೆ ಒಂದೊಂದೇ ಎಳೆ ಕತ್ತರಿಸಿದೆ. "ಬ್ರೇಕ್ ಹಿಡ್ಕೋ ಕಣೇ," ಅಂದೆ. "ಗಿರಣಿ ಹತ್ರ ಎಡಗಡೇದು."

"ಅತ್ತೆ?" ಅಂದಳು.

ಕೊನೆಯ ಎಳೆ ತಾನಾಗಿಯೇ ಕಿತ್ತುಕೊಂಡಿತು.

ಅವಳು ಹೋದಳು. ನಾನು ಅದುವರೆಗೆ ಆ ಹಗ್ಗದ ಆಸರೆಯಲ್ಲೇ ನಿಂತಿದ್ದೆ ಅಂತ ಆಗ ಗೊತ್ತಾಯಿತು. ಕಾಲು ಜಾರಿ, ಪಾದ ಹೊರಳಿ, ಕೊಂಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೆಳಗೆ ಕೂತೆ. ಪಾದದೊಳಗೆ ಏನೋ ಕಟಕ್ಕೆಂದಿತು. ಬೀದಿಯಲ್ಲಿ ಹಳದಿ ಬಣ್ಣ ಇಳಿದು ಹೋಗುತ್ತಿತ್ತು. ಲಾರಿ ರಬ್ಬರು ಕಿರ್ರೆನ್ನುತ್ತಿತ್ತು. ಗಿರಣಿ ತಿರುವಿನಲ್ಲಿ ಕುರ್ಚಿ ಎಡಕ್ಕೆ ಎಳೆಯಿತು, ಸರಿಯಾಗಿಯೇ ಎಳೆಯಿತು, ಆದರೆ ಒಂದು ಗಾಲಿ ಮೇಲೆದ್ದು, ಕುರ್ಚಿ ಮಗುಚಿ, ಹುಡುಗಿ ಗೋಡೆಯ ಬುಡಕ್ಕೆ ಬಿದ್ದಳು.

ಎರಡೂ ಜಗಲಿಗಳಿಂದ ಜನ ಕಂಬ ಬಿಟ್ಟು, ತೆವಳಿಕೊಂಡು, ಜಾರಿಕೊಂಡು ಅವಳ ಕಡೆ ನುಗ್ಗಿದರು. ಕೈಗಳು ಚಾಚಿಕೊಂಡವು. ನನಗೂ ಓಡಿ ಹೋಗಿ ಎತ್ತಿಕೊಂಡುಬಿಡಬೇಕು ಅನ್ನಿಸಿತು. ಆಗ ಆ ಪುಟ ಕಣ್ಣೆದುರು ಬಂತು.

"ಯಾರೂ ಮುಟ್ಬೇಡ್ರೋ!" ಅಂತ ಕಿರುಚಿದೆ. ನನ್ನ ಗಂಟಲು ಸಂತೆಯ ಗಂಟಲು. "ಮುಟ್ಟಿದ್ರೆ ನಿಮ್ಮ ಮನೆ ಹಾಳಾಗ! ಒಂದು ನಿಮಿಷ ಬಿಡ್ರೋ ಅವಳನ್ನ!"

ಎಲ್ಲರೂ ಇದ್ದಲ್ಲೇ ನಿಂತರು. ಹಾಲಪ್ಪ ಅವಳಿಗೆ ತೀರ ಹತ್ತಿರದಲ್ಲಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೆಗಲ ಮೇಲಿದ್ದ ಮಗ "ಅಪ್ಪಾ, ಏನಾಯ್ತು, ಏನಾಯ್ತು?" ಅಂತ ಕೇಳುತ್ತಿದ್ದುದು ನನಗೂ ಕೇಳಿಸಿತು. ಸಂಪಿ ಅಲ್ಲಾಡಲಿಲ್ಲ. ಆಮೇಲೆ ಒಂದು ಮೊಣಕೈ ಊರಿದಳು. ತೆವಳಿಕೊಂಡು ಕುರ್ಚಿಯ ಹತ್ತಿರ ಹೋದಳು. ಅದನ್ನು ಗೋಡೆಗೆ ಆನಿಸಿ ನಿಲ್ಲಿಸಲು ನೋಡಿದಳು, ಅದು ಉರುಳಿತು. ಮತ್ತೆ ನಿಲ್ಲಿಸಿದಳು. ಗಿರಣಿ ಗೋಡೆಯ ಕೊಂಡಿ ಹಿಡಿದು, ಅದೇ ಕೊಂಡಿ ಹಿಡಿದು ಕಣ್ರೀ, ಮೈಯನ್ನು ಮೇಲಕ್ಕೆ ಎಳೆದುಕೊಂಡು ಕೂತಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಮೇಲಕ್ಕೆ ನನ್ನ ಕಡೆ ನೋಡಿ ಒಂದು ಕೈ ಎತ್ತಿ ಆಡಿಸಿದಳು. ಕೊಂಡಿ ಬಿಟ್ಟಳು, ತಿರುವಿನಾಚೆ ಹೋದಳು.

ಮುಂದಿನದು ನನಗೆ ಕಾಣಲಿಲ್ಲ. ಕೊಂಡಿ ತಬ್ಬಿಕೊಂಡು ಕೂತು ಬರೀ ಕೇಳಿಸಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಬಿಡುಗಾಲಿಗಳ ಶಿಳ್ಳೆ, ಒಂದರ ಮೇಲೊಂದು. ನಾನು ಅತ್ತುಬಿಟ್ಟೆ. ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತೆ.

ಊರು ನೆಟ್ಟಗಾದ ಮೇಲೆ ಅವಳು ಕುರ್ಚಿಯನ್ನು ತಾನೇ ತಳ್ಳಿಕೊಂಡು ಮೇಲೆ ಬಂದಳು, ಕೂದಲ ತುಂಬ ನಾರು, ಹುಲ್ಲು. ಹಿಂದೆ ಜಬೀನಾ, ಅವಳ ಹಿಂದೆ ಶಾಂತವೀರಯ್ಯ. ಅವರ ಬಿಳಿ ಪಂಚೆಯೆಲ್ಲ ಧೂಳು, ಕಣ್ಣು ಕೆಂಪಗಿತ್ತು. ಏರಿ ಮುಟ್ಟಿದಾಗ ಅವರೇ ಅವಳ ಬಾಯಿಗೆ ಬೆಲ್ಲ ಇಟ್ಟರಂತೆ. ಅವರು ಕತ್ತರಿಸಿದ ಹಗ್ಗವನ್ನು ಎತ್ತಿ ನೋಡಿದರು, ಮತ್ತೆ ಕೊಂಡಿಯ ಬುಡದಲ್ಲಿ ಇಟ್ಟರು. ಸಂಪಿ ಮುಷ್ಟಿ ಬಿಚ್ಚಿದಳು, ಅದರಲ್ಲಿ ಅರ್ಧ ಕಚ್ಚಿದ ಬೆಲ್ಲದ ಚೂರು, ನಾರು ಮೆತ್ತಿಕೊಂಡಿತ್ತು. "ಇನ್ನರ್ಧ ನಿಂಗೆ," ಅಂದಳು. ನಾರು ಸಮೇತ ತಿಂದೆ.

ಪುಸ್ತಕದ ಜಗಳ ಮುಗಿದಿಲ್ಲ, ಮುಗಿಯುವಂಥದ್ದೂ ಅಲ್ಲ. ವಾಚನಾಲಯದಲ್ಲಿ ಇಟ್ಟಿದ್ದಾರೆ, ಮುತ್ತಿನ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದಾರೆ. ನಾನು ಹಗ್ಗ ಕತ್ತರಿಸಿದ್ದಕ್ಕೆ ಈಗಲೂ ಕೆಲವು ಮುದುಕಿಯರು ನನ್ನಂಗಡಿಯ ಮುಂದೆ ಬಂದಾಗ ಮುಖ ತಿರುಗಿಸುತ್ತಾರೆ. ಹಾಲಪ್ಪ ಮಾತ್ರ ಒಂದು ದಿನ ಬಂದು, ಮಗನಿಗೆ ಆ ಪುಸ್ತಕದ ಚಿತ್ರಗಳನ್ನೆಲ್ಲ ಬಾಯಲ್ಲಿ ಹೇಳಿ ತೋರಿಸು ಅಂತ ಸಂಪಿಯನ್ನು ಕೇಳಿದ. ಇಬ್ಬರೂ ಮಧ್ಯಾಹ್ನವೆಲ್ಲ ಕೂತು ನಗುತ್ತಿದ್ದರು. ನನ್ನ ಮೂಗಿನ ಹತ್ತಿರ ಬಂದಾಗ ಆ ಹುಡುಗ ಬಂದು ನನ್ನ ಮೂಗನ್ನು ಮುಟ್ಟಿ ನೋಡಿ, ಸರಿಯಾಗಿದೆ ಅಂದ.

ನನ್ನ ಪಾದ ಮಾತ್ರ ಸುಲಭಕ್ಕೆ ಸರಿಹೋಗಲಿಲ್ಲ. ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟಿ, ಕಾಲು ನೆಲಕ್ಕೆ ಊರಬೇಡ ಅಂದರು. ಅಂಗಡಿಯಲ್ಲಿ ಹಳೆಯ ಬೆತ್ತದ ಕುರ್ಚಿಯ ಮೇಲೆ ಕೂತಿದ್ದೆ. ಸಂಜೆ ಆಯಿತು, ಜಾಗಟೆ ಹೊಡೆದರು. ಸಂಪಿ ಕೊಡ, ಬುಟ್ಟಿ, ಹಗ್ಗದ ಸಿಂಬೆಗಳನ್ನೆಲ್ಲ ಚಕಚಕನೆ ಕಟ್ಟಿ ಮುಗಿಸಿದಳು. ಆಮೇಲೆ ಮಡಿಲಲ್ಲಿ ಒಂದು ಹಗ್ಗ ಇಟ್ಟುಕೊಂಡು ನನ್ನ ಮುಂದೆ ಬಂದು ಗಾಲಿ ನಿಲ್ಲಿಸಿದಳು. ನನ್ನ ಕಾಲು ನೋಡಿದಳು, ಕುರ್ಚಿ ನೋಡಿದಳು, ಗೋಡೆಯ ಕೊಂಡಿ ನೋಡಿದಳು.

"ಅತ್ತೆ, ಕಟ್ಟಲಾ?" ಅಂತ ಕೇಳಿದಳು.

ಹೊಸ್ತಿಲ ಮೇಲಿನ ನಿಂಬೆಹಣ್ಣು ಸಣ್ಣಗೆ ಅಲುಗುತ್ತಿತ್ತು. ಅವಳಿಗೂ ಅದು ಕಂಡಿತ್ತು. ಆದರೂ ಹಗ್ಗವನ್ನು ಮಡಿಲಲ್ಲೇ ಇಟ್ಟುಕೊಂಡು, ನಾನು ಬಾಯಿ ಬಿಡುವವರೆಗೂ ಕಾದಳು.

"ಕಟ್ಟೇ," ಅಂದೆ. "ಒಂದೇ ಗಂಟು ಸಾಕು."